ಸ್ಟ್ಯೂ ಒಳಗಿನ ಡಂಪ್ಲಿಂಗ್ ಸರಿಯಾಗಿ ಬರದಿರೋದು ಯಾಕೆ?

ಪ್ರಶ್ನೆ: ಮೇಡಂ, ಚಿಕನ್ ಸ್ಟ್ಯೂ ರುಚಿಯಾಗೇ ಬರುತ್ತೆ, ಆದ್ರೆ ಅದ್ರ ಮೇಲೆ ಹಾಕಿ ಬೇಯಿಸೋ ಡಂಪ್ಲಿಂಗ್ (ಮೈದಾಹಿಟ್ಟಿನ ಉಂಡೆ) ಹೊರಗೆ ಅಂಟಂಟು, ಒಳಗೆ ಹಸಿಹಿಟ್ಟು. ಏನ್ಮಾಡ್ಲಿ?

ಉತ್ತರ: ನೀವು ಹಿಟ್ಟನ್ನ ಜಾಸ್ತಿ ಕಲಸ್ತಿದೀರ ಅನ್ಸುತ್ತೆ. ಮೈದಾಹಿಟ್ಟು ನಾದಿದಷ್ಟೂ ಅದ್ರಲ್ಲಿರೋ ಗ್ಲುಟನ್ ಅನ್ನೋ ಅಂಟಿನ ಪ್ರೋಟೀನ್ ಬಿಗಿಯಾಗುತ್ತೆ, ಚಪಾತಿಗೆ ಅದು ಸರಿ, ಇದಕ್ಕೆ ಖಂಡಿತ ಬೇಡ. 1 ಕಪ್ ಮೈದಾಗೆ ಒಂದೂವರೆ ಟೀ ಚಮಚ ಬೇಕಿಂಗ್ ಪೌಡರ್, ಚೂರು ಉಪ್ಪು, ಹೆಚ್ಚಿದ ಪಾರ್ಸ್ಲಿ ಸೊಪ್ಪು, ಸ್ವಲ್ಪ ಥೈಮ್ ಎಲೆ, ಒಂದು ಚಮಚ ಕರಗಿಸಿದ ಬೆಣ್ಣೆ, ಅರ್ಧ ಕಪ್ ಹಾಲು ಹಾಕಿ ಒಣಹಿಟ್ಟು ಕಾಣದಷ್ಟು ಕಲಸಿ ನಿಲ್ಸಿಬಿಡಿ, ಗಂಟುಗಂಟಾಗಿದ್ರೂ ಪರ್ವಾಗಿಲ್ಲ.

ಚಿಕನ್ ಪೂರ್ತಿ ಬೆಂದ್ಮೇಲೇ ಡಂಪ್ಲಿಂಗ್ ಹಾಕಿ. ಮೂಳೆ ಇರೋ ತೊಡೆ ಪೀಸೇ ತಗೊಳ್ಳಿ, ಸಾರ ಚೆನ್ನಾಗಿ ಬಿಡುತ್ತೆ. ಸ್ಟ್ಯೂ ಕೊತಕೊತ ಕುದೀಬಾರ್ದು, ಅಂಚಲ್ಲಿ ಸಣ್ಣ ಗುಳ್ಳೆ ಬರ್ತಿದ್ರೆ ಸಾಕು, ಇಲ್ಲಾಂದ್ರೆ ಡಂಪ್ಲಿಂಗ್ ಒಡ್ದು ಹೋಗುತ್ತೆ. ಉಬ್ಬೋದ್ರಿಂದ ಜಾಗ ಬಿಟ್ಟು ಚಮಚದಲ್ಲಿ ಇಳಿಸಿ, ಮುಚ್ಚಳ ಹಾಕಿ 15 ನಿಮಿಷ ದಯವಿಟ್ಟು ತೆಗೀಬೇಡಿ, ಮೇಲ್ಭಾಗ ಬೇಯೋದೇ ಹಬೆಯಲ್ಲಿ, ಇಣುಕಿ ನೋಡಿದ್ರೆ ಅದು ಹೊರಟೋಗುತ್ತೆ. ಆಮೇಲೆ ಕಡ್ಡಿ ಚುಚ್ಚಿ ನೋಡಿ, ಹಿಟ್ಟು ಅಂಟ್ಕೊಂಡು ಬಂದ್ರೆ ಇನ್ನೊಂದೆರಡು ನಿಮಿಷ ಬಿಡಿ.