ಓದುಗರ ಪತ್ರಕ್ಕೆ ಸಂಪಾದಕರ ಉತ್ತರ: ಸ್ಟ್ಯಾಮ್‌ಫರ್ಡ್‌ನಲ್ಲಿ ಮನೆ ಕೊಳ್ಳಬಹುದೇ?

ಮೈಸೂರಿನ ಹಿರಿಯ ಓದುಗರೊಬ್ಬರು ಬರೆದಿದ್ದಾರೆ: "ಹೋದ ಸಂಚಿಕೆಯಲ್ಲಿ ಇಂಗ್ಲೆಂಡಿನ ಸ್ಟ್ಯಾಮ್‌ಫರ್ಡ್ ಬಗ್ಗೆ ನೀವು ಹಾಕಿದ ಪ್ರವಾಸ ಲೇಖನ ಓದಿ, ನನ್ನ ಮಗಳು ಆ ಊರಲ್ಲೇ ಹಳೇ ಮನೆ ಕೊಳ್ಳಬೇಕೆಂದು ಹಟ ಹಿಡಿದಿದ್ದಾಳೆ. ಅಳಿಯ ಪಕ್ಕದ ಪೀಟರ್‌ಬರೋದಲ್ಲಿ ಡಾಕ್ಟರು. ವರ್ಷಕ್ಕೆ ನಾಲ್ಕೈದು ತಿಂಗಳು ನಾವೂ ಅಲ್ಲಿರುತ್ತೇವೆ. ನೋಡಲು ಹೋದವರಿಗೆ ಊರು ಚೆಂದ, ಸರಿ. ಬಾಳುವವರಿಗೆ ಹೇಗೆ ಎಂದು ಯಾಕೆ ಬರೆಯಲಿಲ್ಲ?"

ಮಾನ್ಯರೇ,

ಪ್ರವಾಸ ಲೇಖನದ ಕೆಲಸ ಊರು ತೋರಿಸುವುದು. ಮನೆ ಕೊಳ್ಳುವ ಮಾತೇ ಬೇರೆ. ಕೇಳಿದ್ದೀರಲ್ಲ, ನನಗೆ ತೋರಿದ್ದನ್ನು ಹೇಳುತ್ತೇನೆ.

ಲಿಂಕನ್‌ಶೈರ್‌ನ ದಕ್ಷಿಣ ತುದಿಯಲ್ಲಿ ಇಪ್ಪತ್ತು ಸಾವಿರದಷ್ಟು ಜನರಿರುವ ಈ ಸಂತೆಯೂರು ಹಳೇ ಕಲ್ಲಿನ ಕಟ್ಟಡಗಳೊಂದಿಗೆ ಹಾಗೇ ಉಳಿದದ್ದಕ್ಕೆ ಯಾರ ಕಲಾಪ್ರೇಮವೂ ಕಾರಣವಲ್ಲ. ಲಂಡನ್ನಿನಿಂದ ಉತ್ತರಕ್ಕೆ ಹೋಗುವ ಹೆದ್ದಾರಿಯ ಮೇಲಿದ್ದು, ಕುದುರೆಗಾಡಿಗಳ ಕಾಲದಲ್ಲಿ ದುಡ್ಡು ಕಂಡ ಊರು. 1850ರ ಸುಮಾರಿಗೆ ಮುಖ್ಯ ರೈಲುಮಾರ್ಗ ಪೀಟರ್‌ಬರೋ ಮೇಲೆ ಹಾದುಹೋಯಿತು, ಬೆಳವಣಿಗೆಯೂ ಅದರ ಬೆನ್ನು ಹತ್ತಿತು. ಇತ್ತ ಬರ್ಲಿ ಅರಮನೆಯ ಸೆಸಿಲ್ ಮನೆತನದವರು ಊರಾಚೆಯ ಬಯಲು ಹೊಲಗಳಲ್ಲಿ ಮನೆ ಏಳಲು 1870ರ ದಶಕದವರೆಗೂ ಬಿಡಲಿಲ್ಲ. ಹೊಸ ಮನೆ ಬಂದರೆ ತಮ್ಮ ಮಾತು ಕೇಳದ ಹೊಸ ಮತದಾರನೂ ಬರುತ್ತಾನೆಂಬ ಲೆಕ್ಕಾಚಾರ. 1967ರಲ್ಲಿ ದೇಶದ ಮೊಟ್ಟಮೊದಲ ಸಂರಕ್ಷಿತ ಪ್ರದೇಶ, ಅಂದರೆ ಹಳೇ ಕಟ್ಟಡಗಳ ಸ್ವರೂಪ ಕಾಯಬೇಕಾದ ಜಾಗ, ಎಂದು ಘೋಷಿಸಿದ್ದು ಈ ಊರನ್ನೇ. ಇಂದು 600ಕ್ಕೂ ಹೆಚ್ಚು ಕಟ್ಟಡಗಳು ಸರ್ಕಾರದ ರಕ್ಷಿತ ಪಟ್ಟಿಯಲ್ಲಿವೆ. ಮಗಳು ಮೆಚ್ಚಿದ ಮನೆಯೂ ಬಹುಶಃ ಅದರಲ್ಲೇ ಇರುತ್ತದೆ. ತೊಡಕು ಶುರುವಾಗುವುದು ಅಲ್ಲಿಂದ.

ಪಟ್ಟಿಗೆ ಸೇರಿದ ಮನೆಯೆಂದರೆ ಬೀದಿಗೆ ಕಾಣುವ ಮುಖವಷ್ಟೇ ಅಲ್ಲ. ಒಳಗಿನ ಗೋಡೆ, ಮೆಟ್ಟಿಲು, ಬಾಗಿಲು, ಬೆಂಕಿಗೂಡು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಅದರ ಸ್ವರೂಪ ಕೆಡಿಸುವ ಕೆಲಸವನ್ನು ಅನುಮತಿಯಿಲ್ಲದೆ ಮಾಡಿದರೆ 1990ರ ಕಾಯ್ದೆಯ ಪ್ರಕಾರ ಅಪರಾಧ, ಜೈಲೂ ಆಗಬಹುದು. ಹಿಂದಿನ ಮಾಲೀಕ ಮಾಡಿಟ್ಟುಹೋದ ಅಕ್ರಮವನ್ನು ಸರಿಪಡಿಸಿ ಎಂದು ನಿಮ್ಮ ಮಗಳಿಗೆ ನೋಟಿಸು ಬರಬಹುದು, ಅದಕ್ಕೆ ಕಾಲಮಿತಿಯಿಲ್ಲ. ಒಂಟಿ ಗಾಜಿನ ಕಿಟಕಿ ತೆಗೆದು ಎರಡು ಪದರದ್ದು ಹಾಕಿಸುವುದು ಸುಲಭವಲ್ಲ. ಚಳಿಗಾಲದ ಗ್ಯಾಸ್ ಬಿಲ್ಲಿನಲ್ಲಿ ಅದು ಗೊತ್ತಾಗುತ್ತದೆ. ಒಗ್ಗರಣೆಯ ಹೊಗೆ ಹೊರಹೋಗಲೆಂದು ಗೋಡೆ ಕೊರೆಯುವುದಕ್ಕೂ ಕೇಳಬೇಕು. ಸುಣ್ಣಕಲ್ಲಿನ ಗೋಡೆಗೆ ಸುಣ್ಣದ ಗಾರೆಯೇ ಆಗಬೇಕು. ಸಿಮೆಂಟು ಮೆತ್ತಿದರೆ ತೇವ ಒಳಗೇ ನಿಂತು ಕಲ್ಲು ಉದುರತೊಡಗುತ್ತದೆ. ಮಾಡಿಗೆ ಹೊದಿಸುವ, ಹತ್ತಿರದ ಕಾಲಿವೆಸ್ಟನ್ ಹಳ್ಳಿಯ ಕಲ್ಲನ್ನು ಹಿಂದೆ ಚಳಿಗಾಲದ ಹಿಮಕ್ಕೆ ಒಡ್ಡಿ ಪದರಪದರವಾಗಿ ಸೀಳುತ್ತಿದ್ದರು, ಈಗ ಫ್ರೀಜರಿನಲ್ಲಿಟ್ಟು ಸೀಳುತ್ತಾರೆ. ಸೊಗಸಾದ ಕಸುಬು, ಅಗ್ಗದ್ದಂತೂ ಅಲ್ಲ. (1809ರಲ್ಲಿ ಸುಮಾರು 335 ಕಿಲೋ ತೂಗುತ್ತಿದ್ದ ಡೇನಿಯಲ್ ಲ್ಯಾಂಬರ್ಟ್ ಈ ಊರಿನ ತಂಗುಮನೆಯೊಂದರಲ್ಲಿ ತೀರಿಕೊಂಡಾಗ, ಶವಪೆಟ್ಟಿಗೆ ಹೊರತರಲು ಕಿಟಕಿಯನ್ನೂ ಗೋಡೆಯನ್ನೂ ಒಡೆದರು. ಈಗಾಗಿದ್ದರೆ ಮೊದಲು ಅರ್ಜಿ ಗುಜರಾಯಿಸಬೇಕಿತ್ತು!)

ಇಷ್ಟು ಹೇಳಿಯೂ ಆ ಊರೇ ಬೇಡ ಎನ್ನಲಾರೆ. ಕಾರಣ ನೀವೇ. ಕಾರು ಓಡಿಸದ ಹಿರಿಯರು ಇಂಗ್ಲೆಂಡಿನ ಎಷ್ಟೋ ಹೊಸ ಬಡಾವಣೆಗಳಲ್ಲಿ ಮಕ್ಕಳು ಕೆಲಸದಿಂದ ಬರುವವರೆಗೆ ಕಿಟಕಿ ಪಕ್ಕ ಕೂತು ಹೊತ್ತು ಕಳೆಯುತ್ತಾರೆ. ಸ್ಟ್ಯಾಮ್‌ಫರ್ಡ್‌ನಲ್ಲಿ ಅಂಗಡಿಬೀದಿ, ಗ್ರಂಥಾಲಯ, ವೆಲೆಂಡ್ ಹೊಳೆಯ ದಂಡೆಯ ಹುಲ್ಲುಗಾವಲು, ರೈಲು ನಿಲ್ದಾಣ ಎಲ್ಲ ಕಾಲ್ನಡಿಗೆಯಲ್ಲೇ ಮುಗಿಯುತ್ತದೆ. 1960ರಲ್ಲಿ ಬೈಪಾಸ್ ಆದ ಮೇಲೆ ಹೆದ್ದಾರಿಯ ವಾಹನಗಳ ಕಾಟವೂ ತಪ್ಪಿದೆ. ಶುಕ್ರವಾರದ ಸಂತೆಗೆ ಚೀಲ ಹಿಡಿದು ನೀವಿಬ್ಬರೇ ಹೋಗಿಬರಬಹುದು. ಆದರೆ ರಾಗಿಹಿಟ್ಟು, ಕರಿಬೇವು, ದೇವಸ್ಥಾನ, ನಮ್ಮ ಕಡೆಯ ಮುಖಗಳು ಬೇಕೆನಿಸಿದರೆ ಪೀಟರ್‌ಬರೋಗೇ ಹೋಗಬೇಕು. ರೈಲಿನಲ್ಲಿ ಕಾಲು ಗಂಟೆ, ಆದರೆ ರೈಲು ಸುಮಾರು ಗಂಟೆಗೊಂದು. ರಾತ್ರಿ ಎದೆನೋವು ಬಂದರೂ ಅಲ್ಲಿಗೇ. ಊರಿನ ಆಸ್ಪತ್ರೆಯಲ್ಲಿ ಸಣ್ಣಪುಟ್ಟ ಗಾಯ ನೋಡುವ ವಿಭಾಗ ಮಾತ್ರ ಇದೆ. ಮನೆಯ ಬೆಲೆಯೂ ಪೀಟರ್‌ಬರೋಗಿಂತ ಜಾಸ್ತಿ, ಹಳೇ ಬೀದಿಗಳಲ್ಲಿ ಕಾರು ನಿಲ್ಲಿಸಲು ಪರದಾಟ.

ಹಾಗಾಗಿ ನನ್ನ ಮಾತು ಇಷ್ಟು: ಊರು ಆಗಲಿ, ಪಟ್ಟಿಯಲ್ಲಿರುವ ಮನೆ ಬೇಡ. ಹಳೇ ಪೇಟೆಯ ಉತ್ತರಕ್ಕೆ ಇಪ್ಪತ್ತನೇ ಶತಮಾನದ ಸಾಧಾರಣ ಮನೆಗಳಿವೆ. ನೋಡಲು ಸಪ್ಪೆ, ಬಾಳಲು ಬೆಚ್ಚಗೆ. ಅಲ್ಲಿಂದಲೂ ಸಂತೆಗೆ ನಡೆದೇ ಹೋಗಬಹುದು. ಅದಕ್ಕೂ ಮೊದಲು ಒಂದು ಚಳಿಗಾಲ ಬಾಡಿಗೆಗಿದ್ದು ನೋಡಲಿ.

ಮೊಮ್ಮಕ್ಕಳ ವಯಸ್ಸನ್ನು ನೀವು ಬರೆದಿಲ್ಲ. 1532ರಲ್ಲಿ ಶುರುವಾದ ಸ್ಟ್ಯಾಮ್‌ಫರ್ಡ್ ಸ್ಕೂಲ್ ಹೆಸರುವಾಸಿ, ಆದರೆ ಅದು ಫೀಸು ಕಟ್ಟಿ ಓದುವ ಶಾಲೆ, 2025ರ ಜನವರಿಯಿಂದ ಫೀಸಿನ ಮೇಲೆ ಶೇ. 20 ವ್ಯಾಟ್ ಬೇರೆ. ಫೀಸಿಲ್ಲದ ಗ್ರಾಮರ್ ಶಾಲೆ (ಪರೀಕ್ಷೆಯಲ್ಲಿ ಆಯ್ದು ಸೇರಿಸಿಕೊಳ್ಳುವ ಸರ್ಕಾರಿ ಶಾಲೆ) ಬೇಕಾದರೆ ಹತ್ತಿರದ ಬೋರ್ನ್ ಊರಿಗೆ ಹೋಗಬೇಕು. ಅಲ್ಲಿನ ಪ್ರವೇಶ ಪರೀಕ್ಷೆ ಮಕ್ಕಳಿಗೆ ಹತ್ತು ವರ್ಷವಿರುವಾಗಲೇ ನಡೆಯುತ್ತದೆ. ಮೊಮ್ಮಗುವಿಗೆ ಒಂಬತ್ತು ದಾಟಿದ್ದರೆ, ಮನೆ ಹುಡುಕುವ ಮೊದಲು ಆ ಅರ್ಜಿಯ ಕೊನೇ ದಿನ ಯಾವಾಗೆಂದು ನೋಡಲು ಮಗಳಿಗೆ ಹೇಳಿ.

— ಸಂಪಾದಕ