ಟ್ರಂಕಿನ ಪತ್ರಗಳನ್ನು ಪಾಲು ಮಾಡಬೇಡಿ

ಅಕ್ಕಾ, ಒಹಾಯೋದಲ್ಲಿ ನಿಮ್ಮ ಅತ್ತೆಯವರ ಮನೆ ಮಾರುತ್ತಿದ್ದಾರೆ, ಅಟ್ಟದಲ್ಲಿ ನಾಲ್ಕು ತಲೆಮಾರಿನ ಕಾಗದ ಪತ್ರ ತುಂಬಿದ ಮೂರು ಟ್ರಂಕ್ ಸಿಕ್ಕಿವೆ, ಯಜಮಾನರೂ ಅವರ ತಂಗಿಯರೂ ತಲೆಗೊಂದು ಟ್ರಂಕ್ ತಗೊಳ್ಳೋಣ ಅಂತಿದ್ದಾರೆ ಅಂತ ಬರೆದಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ಕೇಳಿದ ಪತ್ರ ಒಬ್ಬರ ಮನೆಯಲ್ಲಿ, ಅದಕ್ಕೆ ಬಂದ ಉತ್ತರ ಇನ್ನೊಬ್ಬರ ಮನೆಯಲ್ಲಿ ಆದರೆ ಎರಡೂ ಅರ್ಥವಾಗುವುದಿಲ್ಲ.

ನಾನಿರುವ ಮ್ಯಾಸಚೂಸೆಟ್ಸ್‌ನ ಆಡಮ್ಸ್ ಮನೆತನ ನೋಡಿ. ಅಮೆರಿಕದ ಎರಡನೇ ಅಧ್ಯಕ್ಷರಾದ ಜಾನ್ ಆಡಮ್ಸ್ 1776ರ ಜೂನ್‌ನಲ್ಲಿ ಹೆಂಡತಿ ಅಬಿಗೇಲ್‌ಗೆ ಬರೆದರು: ಇಷ್ಟು ವರ್ಷ ಪತ್ರಗಳ ನಕಲು ಇಡದೆ ತಪ್ಪು ಮಾಡಿದೆ, ಈಗ ಅದಕ್ಕೇ ಒಂದು ದೊಡ್ಡ ಪುಸ್ತಕ ಕೊಂಡಿದ್ದೇನೆ, ಜೋಪಾನವಾಗಿಡಲು ನನ್ನ ಪತ್ರಗಳಿಗಿಂತ ನಿನ್ನವೇ ಹೆಚ್ಚು ಯೋಗ್ಯ ಅಂತ. ಮಗ ಜಾನ್ ಕ್ವಿನ್ಸಿಯ ಡೈರಿಯೇ 51 ಸಂಪುಟ. ಈ ಕಾಗದಗಳಿಗೆ ಬೆಂಕಿ ತಾಗದ ಕಟ್ಟಡ ಬೇಕು ಅಂತ ಅವರ ಆಸೆ. 1870ರಲ್ಲಿ ಅವರ ಮಗ ಮನೆ ಪಕ್ಕದಲ್ಲೇ ಕಲ್ಲಿನ ಗ್ರಂಥಾಲಯ ಕಟ್ಟಿಸಿದರು. 1905ರಲ್ಲಿ ಮನೆಯವರು ಕಾಗದಗಳನ್ನೆಲ್ಲ ಒಂದು ಟ್ರಸ್ಟ್‌ಗೆ ಸೇರಿಸಿದರು. 1956ರಲ್ಲಿ ಅವು ಹಳೆಯ ದಾಖಲೆ ಕಾಪಾಡುವ ಸಂಸ್ಥೆಯಾದ ಮ್ಯಾಸಚೂಸೆಟ್ಸ್ ಹಿಸ್ಟಾರಿಕಲ್ ಸೊಸೈಟಿಯ ಸ್ವತ್ತಾದವು. ಗಂಡ ಹೆಂಡತಿಯ 1,100ಕ್ಕೂ ಜಾಸ್ತಿ ಪತ್ರ ಇವತ್ತು ನಮಗೆ ಓದಲು ಸಿಗುವುದು ಇದರಿಂದಲೇ. ನಿಮ್ಮದು ಅಧ್ಯಕ್ಷರ ಮನೆತನ ಅಲ್ಲದಿರಬಹುದು. ಆದರೂ ಒಂದು ಹೊಲದ ಲೆಕ್ಕದ ಪುಸ್ತಕ, ಒಬ್ಬ ಹೆಂಗಸಿನ ಡೈರಿ ಆ ಊರಿಗೆ ತುಂಬಾ ಬೆಲೆಯುಳ್ಳದ್ದು.

ಮೊದಲ ಕೆಲಸ, ಟ್ರಂಕ್‌ಗಳನ್ನು ಅಟ್ಟದಿಂದ ಇಳಿಸಿ. ಅಟ್ಟದಲ್ಲಿ ಬೇಸಿಗೆಯ ಕಾವು, ನೆಲಮಾಳಿಗೆಯಲ್ಲಿ ಥಂಡಿ. ಎರಡೂ ಬೇಡ. ನೀವು ಮಲಗುವ ಕೋಣೆಯ ಕಪಾಟು ಸಾಕು. ಕಾಗದಕ್ಕೆ ಹಿತವಾದ ತೇವಾಂಶ ಶೇ. 35ರಿಂದ 50.

ಆಮೇಲೆ, ಕೈ ಹಾಕುವ ಮೊದಲು ಒಂದೊಂದು ಪದರವನ್ನೂ ಮೊಬೈಲ್‌ನಲ್ಲಿ ಫೋಟೋ ತೆಗೆಯಿರಿ. ಕಟ್ಟು ಇದ್ದ ಹಾಗೇ ಇರಲಿ. ಯಾರು ಯಾವುದನ್ನು ಯಾವುದರ ಜೊತೆ ಇಟ್ಟಿದ್ದರು ಅನ್ನುವುದೂ ಒಂದು ಮಾಹಿತಿ. ಇದನ್ನು ನಾನು ನೊಂದು ಕಲಿತೆ. ನಮ್ಮ ಸೊಸೆಯ ಅಜ್ಜಿ ಮದುವೆಗೆ ಮುಂಚೆ ಬರೆದ ಪತ್ರಗಳನ್ನು ನಾನೇ ಲಕೋಟೆಯಿಂದ ತೆಗೆದು, ಪತ್ರ ಒಂದು ಕಡೆ, ಲಕೋಟೆ ಒಂದು ಕಡೆ ಜೋಡಿಸಿದೆ. ಪತ್ರದ ಮೇಲೆ ಬರೀ 'ಮಂಗಳವಾರ ರಾತ್ರಿ' ಅಂತಿತ್ತು. ವರ್ಷ, ತಿಂಗಳು, ಊರು ಇದ್ದದ್ದು ಲಕೋಟೆಯ ಅಂಚೆ ಮುದ್ರೆಯಲ್ಲಿ. ಮತ್ತೆ ಜೋಡಿ ಮಾಡಲು ಒಂದು ಚಳಿಗಾಲ ಹಿಡಿಯಿತು. ಹನ್ನೊಂದು ಪತ್ರಗಳಿಗೆ ಇವತ್ತಿಗೂ ತಾರೀಖಿಲ್ಲ. ಆ ಸಂಕಟ ಇನ್ನೂ ಹೋಗಿಲ್ಲ.

ತುಕ್ಕು ಹಿಡಿದ ಕ್ಲಿಪ್ ಎಳೆಯಬೇಡಿ, ಕಾಗದ ಹರಿದು ಕ್ಲಿಪ್ ಜೊತೆಗೇ ಬರುತ್ತದೆ. ಕ್ಲಿಪ್‌ಗೂ ಕಾಗದಕ್ಕೂ ನಡುವೆ ಎರಡೂ ಕಡೆ ತೆಳು ಪ್ಲಾಸ್ಟಿಕ್ ಪಟ್ಟಿ ತೂರಿಸಿ, ನಿಧಾನವಾಗಿ ಸಡಿಲಿಸಿ. ರಬ್ಬರ್ ಬ್ಯಾಂಡ್ ತೆಗೆಯಿರಿ. ಪತ್ರದೊಳಗೆ ಪೇಪರ್ ಕಟಿಂಗ್ ಇದ್ದರೆ ಬೇರೆ ಇಡಿ. ನ್ಯೂಸ್‌ಪ್ರಿಂಟಿನ ಆಸಿಡ್ ಪಕ್ಕದ ಹಾಳೆಗೂ ಇಳಿದು ಕಂದು ಚೌಕ ಮೂಡಿಸುತ್ತದೆ. ಲ್ಯಾಮಿನೇಷನ್, ಸೆಲ್ಲೋಟೇಪ್ ಖಂಡಿತ ಬೇಡ. ಆಸಿಡ್ ಫ್ರೀ ಫೋಲ್ಡರ್, ಆಸಿಡ್ ಫ್ರೀ ಡಬ್ಬ ತರಿಸಿ. ಬರೆಯುವುದೇನಿದ್ದರೂ ಪೆನ್ಸಿಲ್‌ನಲ್ಲೇ. ಪತ್ರ ಮುಟ್ಟಲು ಗ್ಲೌಸ್ ಬೇಕಿಲ್ಲ, ಕೈ ತೊಳೆದು ಚೆನ್ನಾಗಿ ಒರೆಸಿಕೊಂಡರೆ ಸಾಕು. ಫೋಟೋ, ನೆಗೆಟಿವ್‌ಗೆ ಮಾತ್ರ ಹಾಕಿಕೊಳ್ಳಿ. 1950ಕ್ಕಿಂತ ಹಳೆಯ ನೆಗೆಟಿವ್ ಇದ್ದರೆ ಬೇರೆ ತೆಗೆದಿಟ್ಟು, ತಿಳಿದವರಿಗೆ ತೋರಿಸಿ. ಕೆಲವು ನೈಟ್ರೇಟ್ ಫಿಲ್ಮ್ ಆಗಿರುತ್ತವೆ, ಬೇಗ ಬೆಂಕಿ ಹಿಡಿಯುತ್ತವೆ.

ಯಜಮಾನರ ತಂಗಿಯರಿಗೆ ಬೇಜಾರಾಗಬಾರದು ಅಲ್ವಾ? ಎಲ್ಲವನ್ನೂ ಸ್ಕ್ಯಾನ್ ಮಾಡಿ ಎಲ್ಲರಿಗೂ ಕೊಡಿ. ಸ್ಕ್ಯಾನಿನ ಸ್ಪಷ್ಟತೆಯ ಅಳತೆ (ಡಿಪಿಐ) ಪತ್ರಕ್ಕೆ 300, ಫೋಟೋಗೆ 600 ಇರಲಿ. ಅಸಲು ಮಾತ್ರ ಒಂದೇ ಕಡೆ ಇರಲಿ. ಮುಂದೆ ಅತ್ತೆಯವರ ಕೌಂಟಿಯ, ಅಂದರೆ ಅಲ್ಲಿನ ಜಿಲ್ಲೆಯ, ಹಿಸ್ಟಾರಿಕಲ್ ಸೊಸೈಟಿಗೆ ಕೊಡುವುದಾದರೆ ಮೂವರೂ ಸೇರಿ ದಾನಪತ್ರಕ್ಕೆ ಸಹಿ ಹಾಕಿ. ಯಾವುದನ್ನು ಯಾರು ಓದಬಹುದು, ಯಾವಾಗಿನಿಂದ, ಕಾಪಿರೈಟ್ ಯಾರದ್ದು ಅನ್ನುವುದನ್ನು ಅದರಲ್ಲೇ ಬರೆಸಿ.

ಆದರೆ ಡಬ್ಬ ಬರುವವರೆಗೂ ಕಾಯಬೇಡಿ. ಅತ್ತೆಯವರ ಪಕ್ಕ ಕೂತು, ಮೊಬೈಲ್ ರೆಕಾರ್ಡರ್ ಆನ್ ಮಾಡಿ, ಒಂದೊಂದೇ ಫೋಟೋ ತೋರಿಸಿ ಇವರು ಯಾರು ಅಂತ ಕೇಳಿ. ಒಂದು ಸಲಕ್ಕೆ ಹತ್ತು ಫೋಟೋ ಸಾಕು, ಅವರಿಗೆ ಸುಸ್ತಾಗಬಾರದು. ಈ ಭಾನುವಾರವೇ ಶುರು ಮಾಡಿ ಅಕ್ಕಾ.