ಆಳುಮಗನಾಗಿದ್ದ ಹಿರಿಯನ ಜಾಡು ಹಿಡಿಯುವುದು ಹೇಗೆ?

ಪ್ರಶ್ನೆ: ಎರಡು ತಲೆಮಾರಿನಿಂದ ನಾವು ಪಿಂಪ್ರಿಯಲ್ಲಿದ್ದೇವೆ. ಮೂಲ ಊರು ಬಾಗಲಕೋಟೆ ಹತ್ತಿರದ ಹಳ್ಳಿ. ನನ್ನ ಅಜ್ಜನ ಅಜ್ಜ ಅಲ್ಲಿ ಗೌಡರ ಮನೆಯ ಆಳುಮಗನಾಗಿದ್ದನಂತೆ. ದೊಡ್ಡ ಬರದಲ್ಲಿ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಊರು ಬಿಟ್ಟು, ಸರ್ಕಾರಿ ಕಾಮಗಾರಿಯಲ್ಲಿ ಕಲ್ಲು ಒಡೆದು, ಆಮೇಲೆ ಮರಳಿ ಬಂದನೆಂದು ಅಜ್ಜಿ ಹೇಳುತ್ತಿದ್ದರು. ಅವನ ಹೆಸರು, ಅವನ ತಂದೆಯ ಹೆಸರು ಬಿಟ್ಟು ಬೇರೇನೂ ಗೊತ್ತಿಲ್ಲ. ಹೊಲ ಇಲ್ಲದವನ ಬಗ್ಗೆ ಏನಾದರೂ ಸಿಕ್ಕೀತೇ?
– ಓದುಗರು, ಪುಣೆ

ಉತ್ತರ: ಸಿಗುತ್ತದೆ. ಆದರೆ ಬರೀ ಹೆಸರು ಹಿಡಿದು ಹೊರಟರೆ ಬೇಗ ಕೈಚೆಲ್ಲಬೇಕಾಗುತ್ತದೆ. ಕಂದಾಯ ಕಟ್ಟದವನ ಹೆಸರು ಬರೆದಿಡುವ ಗರಜು ಊರಿನ ಲೆಕ್ಕ ಬರೆಯುತ್ತಿದ್ದ ಆಗಿನ ಕುಲಕರ್ಣಿಗೆ ಇರಲಿಲ್ಲ. ಊರು, ಕುಲ, ಅವನು ದುಡಿದ ಮನೆ, ಈ ಮೂರನ್ನು ಹಿಡಿದು ಹೋಗಿ. ನಿಮ್ಮ ಈಗಿನ ಅಡ್ಡಹೆಸರನ್ನು ಸದ್ಯಕ್ಕೆ ಮರೆತುಬಿಡಿ. ಎಷ್ಟೋ ಮನೆಗಳಲ್ಲಿ ಅದು ಮಕ್ಕಳನ್ನು ಶಾಲೆಗೆ ಹಾಕುವಾಗ ಮಾಸ್ತರರು ಬರೆದದ್ದು. ಹಳೆಯ ಕಾಗದದಲ್ಲಿ ‘ಯಮನಪ್ಪ ಬಿನ್ ಭೀಮಪ್ಪ’ ಎನ್ನುವ ಹಾಗೆ ತಂದೆಯ ಹೆಸರು, ಜಾತಿ, ಊರು ಇರುತ್ತವೆ.

ಮೊದಲು ಬರ ಯಾವುದೆಂದು ಗೊತ್ತು ಮಾಡಿಕೊಳ್ಳಿ. ಅಜ್ಜಿಯ ಮಾತಿನಲ್ಲಿ ಸಂವತ್ಸರದ ಹೆಸರೇನಾದರೂ ಬರುತ್ತಿತ್ತೇ ಎಂದು ಮನೆಯ ಹಿರಿಯರನ್ನು ಕೇಳಿ. ಧಾತು, ಈಶ್ವರ ಎಂದಿದ್ದರೆ ಅದು 1876, 1877. ದುರ್ಮುಖಿ ಎಂದರೆ 1896, ವಿಕಾರಿ ಎಂದರೆ 1899. ನೀವು ಹೇಳುವ ತಲೆಮಾರಿನ ಲೆಕ್ಕ ನೋಡಿದರೆ 1876–78ರ ಬರವೇ ಇರಬೇಕು.

ಆಗ ನಿಮ್ಮ ಸೀಮೆ ಇದ್ದದ್ದು ಬ್ರಿಟಿಷರ ಮುಂಬಯಿ ಇಲಾಖೆಯ (ಪ್ರೆಸಿಡೆನ್ಸಿಯ) ಕಲಾದಗಿ ಜಿಲ್ಲೆಯಲ್ಲಿ. ಜಿಲ್ಲಾ ಕಚೇರಿ ವಿಜಾಪುರಕ್ಕೆ ಹೋದದ್ದು 1885ರಲ್ಲಿ. ಅದಕ್ಕೇ ಯಾದಿಗಳಲ್ಲಿ ಕಲಾದಗಿ ಎಂದೇ ಹುಡುಕಬೇಕು. ಪುಣೆಯಲ್ಲಿರುವ ನಿಮಗೆ ಇದರಲ್ಲೊಂದು ಅನುಕೂಲವಿದೆ: ಆ ಇಲಾಖೆಯ ಸರ್ಕಾರಿ ಪತ್ರವ್ಯವಹಾರಕ್ಕೆ ಬೆಂಗಳೂರಿಗೆ ಹೋಗಬೇಕಿಲ್ಲ, ಮುಂಬಯಿಯ ಕಾಳಾ ಘೋಡಾದಲ್ಲಿ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿರುವ ಮಹಾರಾಷ್ಟ್ರ ರಾಜ್ಯದ ಪತ್ರಾಗಾರಕ್ಕೆ ಹೋದರಾಯಿತು. ಬರದ ವರ್ಷಗಳ ಸಂಪುಟ ಕೇಳಿ. ಕೂಲಿಗಳ ಹೆಸರಿನ ಪಟ್ಟಿ ಸಿಗುವ ಆಸೆ ಬೇಡ. ನೀವು ನೋಡಬೇಕಾದದ್ದು ನಿಮ್ಮ ತಾಲೂಕಿನಲ್ಲಿ ಯಾವ ಕೆರೆ, ಯಾವ ರಸ್ತೆಯ ಕೆಲಸ ತೆಗೆದಿದ್ದರು ಎಂಬುದನ್ನು. ಊರಿಗೆ ಹತ್ತಿರದ ಕಾಮಗಾರಿ ಗೊತ್ತಾದರೆ ಅವನು ಕಲ್ಲು ಒಡೆದ ಜಾಗದ ಸುಳಿವು ಸಿಕ್ಕಂತೆ. 1877ರ ಆರಂಭದಲ್ಲಿ ಗಂಡಾಳಿನ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಧಾನ್ಯದ ಲೆಕ್ಕಕ್ಕೆ ಇಳಿಸಿದಾಗ ಸಾವಿರಾರು ಜನ ಕೆಲಸ ಬಿಟ್ಟು ಹೊರಟರು. ಅವರ ಪರವಾಗಿ ಸರ್ಕಾರಕ್ಕೆ ಬರೆದದ್ದು ನೀವೀಗ ಇರುವ ಪುಣೆಯದೇ ಸಂಘಟನೆ, ‘ಸಾರ್ವಜನಿಕ ಸಭೆ’. ಜಿಲ್ಲೆಯ ವಿವರಗಳ ಸರ್ಕಾರಿ ಗ್ರಂಥವಾದ 1884ರ ವಿಜಾಪುರ ಗ್ಯಾಸೆಟಿಯರನ್ನೂ ತಪ್ಪದೆ ಓದಿ. 1872ರಿಂದ 1881ರೊಳಗೆ ಆ ಜಿಲ್ಲೆಯ ಜನಸಂಖ್ಯೆ ಐದರಲ್ಲೊಂದು ಪಾಲಿಗಿಂತ ಹೆಚ್ಚು ಕುಸಿದಿತ್ತು. ಅಂಥ ಕಾಲದಲ್ಲಿ ಅವನು ಜೀವ ಉಳಿಸಿಕೊಂಡು ಮರಳಿದ್ದು ಸಣ್ಣ ಮಾತಲ್ಲ. (ಜನಗಣತಿಯಲ್ಲಿ ಅವನ ಹೆಸರು ಹುಡುಕಬೇಡಿ. ಮನೆಮನೆಯ ಹಾಳೆಗಳನ್ನು ಉಳಿಸಿಲ್ಲ.)

ಇನ್ನು ಊರಿನ ಕಾಗದ. ಆಳುಮಗನಿಗೆ ಹೊಲ ಎಲ್ಲಿಯದು ಎಂದು ಕೈಬಿಡಬೇಡಿ. ನಿಮ್ಮ ಮನೆತನದವರು ವಾಲೀಕಾರಿಕೆ, ತಳವಾರಿಕೆ, ಓಲೇಕಾರಿಕೆಯಂಥ ಊರ ಚಾಕರಿ ಮಾಡಿದ್ದರೆ ಚಾಕರಿಯ ಇನಾಮಾಗಿ ಒಂದು ತುಂಡು ಹೊಲ ಇದ್ದಿರಬಹುದು. 1961ರ ಗ್ರಾಮಾಧಿಕಾರ ರದ್ಧತಿ ಕಾಯ್ದೆ ಬಂದ ಮೇಲೆ ಇಂಥ ಹೊಲಗಳನ್ನು ಮರುಮಂಜೂರು ಮಾಡಿಸಿಕೊಳ್ಳಲು ಅರ್ಜಿ ಹಾಕಿದವರು ವಂಶಾವಳಿ ಕೊಡಬೇಕಾಯಿತು. ತಹಶೀಲ್ದಾರ ಕಚೇರಿಯ ಆ ಕಡತದಲ್ಲಿ ಮೂರು ನಾಲ್ಕು ತಲೆಮಾರು ಒಂದೇ ಹಾಳೆಯಲ್ಲಿ ಸಿಗುವುದುಂಟು: ಮೇಲೆ ಮೂಲ ಪುರುಷ, ಕೆಳಗೆ ಗಂಡುಮಕ್ಕಳು, ತೀರಿಕೊಂಡವರ ಮುಂದೆ ‘ಮಯತ್’. ಹೆಣ್ಣುಮಕ್ಕಳ ಹೆಸರು ಬಹಳ ಸಲ ಬಿಟ್ಟಿರುತ್ತಾರೆ. ಅವನ್ನು ನೀವೇ ಹಿರಿಯರನ್ನು ಕೇಳಿ ಸೇರಿಸಬೇಕು. ಚಾಕರಿ ಇನಾಮು ಇಲ್ಲದಿದ್ದರೆ ಗೌಡರ ಮನೆಯವರಲ್ಲಿ ಹಳೆಯ ಸಾಲಪತ್ರ, ಲೆಕ್ಕದ ಚೋಪಡಿ ಇವೆಯೇ ಎಂದು ವಿಚಾರಿಸಿ. ಆಳಾಗಿ ನಿಲ್ಲುವಾಗ ಮುಂಗಡ ಪಡೆದವನ ಹೆಬ್ಬೆಟ್ಟು ಅಲ್ಲಿರಬಹುದು. ಕೇಳಲು ಸಂಕೋಚವಾಗುತ್ತದೆ, ಗೊತ್ತು. ಎರಡೂ ಮನೆ ಬಲ್ಲ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಅಕ್ಷರ ಮೋಡಿಯಲ್ಲಿದ್ದರೆ (ಮರಾಠಿಯ ಹಳೆಯ ಕೂಡಕ್ಷರದ ಲಿಪಿ) ಫೋಟೋ ತೆಗೆದು ತನ್ನಿ. ಪುಣೆಯ ಸದಾಶಿವ ಪೇಟೆಯ ಭಾರತ ಇತಿಹಾಸ ಸಂಶೋಧಕ ಮಂಡಳದಲ್ಲಿ ಮೋಡಿ ಬಲ್ಲವರು ಸಿಗುತ್ತಾರೆ.

ಊರಿನ ಕನ್ನಡ ಶಾಲೆಯ ಜನರಲ್ ರಜಿಸ್ಟರಿನಲ್ಲಿ ನಿಮ್ಮ ಅಜ್ಜನ ಅಥವಾ ಅವರ ಅಣ್ಣತಮ್ಮಂದಿರ ಸಾಲು ಸಿಕ್ಕರೆ ಕುಲ, ತಂದೆಯ ಹೆಸರು ಖಚಿತವಾಗುತ್ತದೆ.

ಕಡೆಯದಾಗಿ ಹೆಳವರು. ಸುಗ್ಗಿ ಮುಗಿದ ಮೇಲೆ ಎತ್ತಿನೊಂದಿಗೆ ಮನೆ ಮುಂದೆ ಬಂದು, ಇಂಥವನ ಮಗ ಇಂಥವನು, ಇಂಥ ಊರಿಂದ ಬಂದವನು ಎಂದು ವಂಶ ಹೇಳಿ ಕಾಳು ಪಡೆಯುವವರು ಇವರು. ಎಲ್ಲ ಕುಲಗಳಿಗೂ ಹೆಳವರಿಲ್ಲ. ನಿಮ್ಮ ಕುಲಕ್ಕಿದ್ದರೆ, ಈ ಸಲ ಅವರು ಬಂದ ದಿನವೇ ಫೋನ್ ಮಾಡುವಂತೆ ಊರಿನ ನೆಂಟರಿಗೆ ಹೇಳಿಡಿ. ಅವರು ಓದುವುದನ್ನು ಪೂರ್ತಿ ರೆಕಾರ್ಡ್ ಮಾಡಿಸಿ, ಕಾಣಿಕೆಯನ್ನು ಕೈತುಂಬ ಕೊಡಿಸಿ.